ಬದುವಿನ ಗಿಡ ಬೋಗುಣಿಗೆ ಬಂದಾಗ

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ, ಹೊಲಗಳಲ್ಲಿ ಜಾತ್ರೆ. ಬುತ್ತಿ ಕಟ್ಟಿಕೊಂಡು ಬಂಡಿಯಲ್ಲೋ, ಟ್ರ್ಯಾಕ್ಟರಿನಲ್ಲೋ, ಮೂವರು ಕುಳಿತ ಮೋಟಾರ್ ಸೈಕಲ್ಲಿನಲ್ಲೋ ಜನ ಹೊಲದ ದಾರಿ ಹಿಡಿಯುತ್ತಾರೆ. ಐದು ಕಲ್ಲಿಟ್ಟು ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲಿದ ಮೇಲೆ ಊಟಕ್ಕೆ ಕೂರಲು ಎಲ್ಲರ ಕಣ್ಣೂ ಹುಡುಕುವುದು ಒಂದೇ ಒಂದನ್ನು: ಬದುವಿನ ಮೇಲಿನ ಗಿಡ. ಸಜ್ಜೆಯ ಕಡುಬು, ಭಜ್ಜಿ, ಶೇಂಗಾ ಹೋಳಿಗೆಯ ಗಂಟು ಬಿಚ್ಚುವುದು ಅದರ ನೆರಳಲ್ಲೇ.

'ಗಿಡ' ಎಂದರೆ ಇಲ್ಲಿ ಮರವೇ. ಮೈಸೂರು ಕಡೆಯವರು ಗಿಡ ಎಂದಾಗ ಮೊಣಕಾಲೆತ್ತರದ ಸಸಿ ಕಣ್ಣಿಗೆ ಬರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯವರಿಗೆ ನೂರು ವರ್ಷದ ಹುಣಸೆಯೂ ಗಿಡ, ನಿನ್ನೆ ಮೊಳೆತ ಬೇವೂ ಗಿಡ. ದೊಡ್ಡದು, ಸಣ್ಣದು ಎಂಬ ಭೇದ ಈ ಮಾತಿನಲ್ಲಿಲ್ಲ. ಗೇಣುದ್ದದ ಮರವನ್ನು ಕುಂಡದಲ್ಲಿ ಬೆಳೆಸುವ ಬೋನ್ಸಾಯ್ ಎಂಬ ಕಲೆಗೆ ಇದಕ್ಕಿಂತ ಒಪ್ಪುವ ನುಡಿ ಬೇರೊಂದು ಸಿಗಲಾರದು.

ಆ ಬದುವಿನ ಗಿಡವನ್ನು ಒಮ್ಮೆ ಸರಿಯಾಗಿ ನೋಡಬೇಕು. ನೆರಳು ಬಿದ್ದರೆ ತೊಗರಿ ಸೊರಗುತ್ತದೆಂದು ಒಂದು ಮಗ್ಗುಲಿನ ಟೊಂಗೆಗಳನ್ನು ಕಡಿದಿರುತ್ತಾರೆ. ಕುಂಟೆಗೋ, ಗುದ್ದಲಿಯ ಕಾವಿಗೋ ಎಂದೋ ಒಂದು ರೆಂಬೆ ಹೋಗಿರುತ್ತದೆ. ಆಡು ಎಟಕುವಷ್ಟು ಎತ್ತರದವರೆಗೆ ಚಿಗುರೇ ಉಳಿದಿರುವುದಿಲ್ಲ. ಯಾವುದೋ ಬರಗಾಲದಲ್ಲಿ ತುದಿ ಒಣಗಿ, ಮರುವರ್ಷ ಪಕ್ಕದಿಂದ ಹೊಸ ತುದಿ ಎದ್ದಿರುತ್ತದೆ. ಹೀಗೆ ಕೊಡಲಿ, ಆಡು, ಬಿಸಿಲು, ಬಿರುಗಾಳಿ ಎಲ್ಲವೂ ಸೇರಿ ಕೆತ್ತಿದ ಆ ಆಕಾರಕ್ಕೆ ಯಾವ ಪುಸ್ತಕದ ಲೆಕ್ಕವೂ ಹೊಂದುವುದಿಲ್ಲ. ಆದರೂ ಅದು ಚೆಂದ. ಏಕೆ ಚೆಂದ ಎಂದು ತಿಳಿಯಲು ಹೊರಟವರಿಗೆ ಈ ಮೂರು ತಾಲ್ಲೂಕುಗಳ ಒಂದು ಸುತ್ತು ಒಳ್ಳೆಯ ಪಾಠ.

ತಟ್ಟೆಯೊಳಗಿನ ಮರ

ಬೋನ್ಸಾಯ್ ಎಂದರೆ ಜಪಾನಿ ಭಾಷೆಯಲ್ಲಿ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥ. ಹೆಸರು ಜಪಾನಿನದಾದರೂ ಬೇರು ಇರುವುದು ಚೀನಾದಲ್ಲಿ. ಕ್ರಿ.ಶ. 706ರ ಕಾಲದ ಟ್ಯಾಂಗ್ ರಾಜಕುಮಾರ ಝಾಂಗ್‌ಹುವೈನ ಸಮಾಧಿಯ ಗೋಡೆಯ ಮೇಲೆ, ಕಲ್ಲು ಮತ್ತು ಪುಟ್ಟ ಗಿಡಗಳಿರುವ ತಟ್ಟೆಯನ್ನು ಹಿಡಿದು ನಿಂತ ಪರಿಚಾರಕಿಯರ ಚಿತ್ರವಿದೆ. ಚೀನಾದಲ್ಲಿ ಇದಕ್ಕೆ ಪೆಂಜಿಂಗ್ ಎನ್ನುತ್ತಾರೆ. ಅಲ್ಲಿಂದ ಜಪಾನಿಗೆ ದಾಟಿದ ಈ ಕಲೆ ಕಟ್ಟುನಿಟ್ಟಾದ ಶಾಸ್ತ್ರವಾಯಿತು. ಟೋಕಿಯೋ ಪ್ರದೇಶವನ್ನು 1923ರಲ್ಲಿ ಭೂಕಂಪ ನೆಲಸಮ ಮಾಡಿದಾಗ, ಅಲ್ಲಿನ ಬೋನ್ಸಾಯ್ ಬೆಳೆಗಾರರು ಊರು ಬಿಟ್ಟು 1925ರಲ್ಲಿ ಓಮಿಯಾದಲ್ಲಿ ತಮ್ಮದೇ ಗ್ರಾಮ ಕಟ್ಟಿಕೊಂಡರು. ಅದು ಇಂದಿಗೂ ಬೋನ್ಸಾಯ್ ಪ್ರಿಯರ ಯಾತ್ರಾಸ್ಥಳ.

ಶಾಸ್ತ್ರವೆಂದ ಮೇಲೆ ನಿಯಮಗಳೂ ಇರಬೇಕಷ್ಟೆ. ಕಾಂಡ ಬುಡದಲ್ಲಿ ದಪ್ಪವಾಗಿ ತುದಿಯತ್ತ ಸಣ್ಣಗಾಗಬೇಕು. ಮೊದಲ ಕೊಂಬೆ ಎತ್ತರದ ಮೂರನೇ ಒಂದು ಭಾಗದಲ್ಲಿ ಹೊರಡಬೇಕು. ಅದು ಎಡಕ್ಕೆ ಹೋದರೆ ಮುಂದಿನದು ಬಲಕ್ಕೆ, ಆಮೇಲಿನದು ಹಿಂದಕ್ಕೆ. ಒಂದೇ ಮಟ್ಟದಲ್ಲಿ ಎದುರುಬದುರು ಎರಡು ಕೊಂಬೆ ಬರಕೂಡದು. ದೂರದಿಂದ ನೋಡಿದರೆ ಒಟ್ಟು ಆಕಾರ ತ್ರಿಕೋನವಾಗಿರಬೇಕು. ಕುಂಡದ ಉದ್ದ ಮರದ ಎತ್ತರದ ಮೂರನೇ ಎರಡು ಭಾಗ, ಆಳ ಕಾಂಡದ ಬುಡದ ದಪ್ಪದಷ್ಟು. ಕಲಿಯುವವರಿಗೆ ಇವೆಲ್ಲ ಊರುಗೋಲು. ಆದರೆ ಎಲ್ಲ ಗಿಡಗಳನ್ನೂ ಇದೇ ಅಚ್ಚಿಗೆ ಒತ್ತಿದರೆ ಬೇವು, ಹುಣಸೆ, ಆಲ ಎಲ್ಲವೂ ಜಪಾನಿನ ಪೈನ್ ಮರದ ನಕಲಿನಂತೆ ಕಾಣತೊಡಗುತ್ತವೆ.

ಈ ಏಕರೂಪಕ್ಕೆ ಬೇಸತ್ತವರು ಬೇರೆ ದಾರಿ ಹಿಡಿದದ್ದೂ ಉಂಟು. ಜರ್ಮನಿಯ ವಾಲ್ಟರ್ ಪಾಲ್ ಅವರು, ಮರ ತನ್ನ ನೆಲದಲ್ಲಿ ಹೇಗೆ ಬೆಳೆಯುತ್ತದೋ ಕುಂಡದಲ್ಲೂ ಹಾಗೆಯೇ ಕಾಣಬೇಕು ಎಂಬ ಸಹಜ ಶೈಲಿಯನ್ನು ಎತ್ತಿಹಿಡಿದರು. ದಕ್ಷಿಣ ಆಫ್ರಿಕಾದ ಚಾರ್ಲ್ಸ್ ಸೆರೋನಿಯೋ ತಮ್ಮ ನಾಡಿನ ಬಯಲಿನ ಜಾಲಿ ಜಾತಿಯ ಮರಗಳ ಕೊಡೆಯಂಥ ಆಕಾರಕ್ಕೆ ಬೋನ್ಸಾಯ್‌ನಲ್ಲಿ ಸ್ಥಾನ ಕೊಟ್ಟರು. ಅಂಥ ಮರಗಳನ್ನು ತನ್ನ ಚಿತ್ರಗಳಲ್ಲಿ ಬಿಡಿಸಿದ ಕಲಾವಿದ ಪಿಯರ್ನೀಫ್‌ನ ಹೆಸರನ್ನೇ ಆ ಶೈಲಿಗೆ ಇಟ್ಟರು. ಆಫ್ರಿಕಾದ ಬಯಲಿಗೆ ಅದರದೇ ಶೈಲಿ ಇರಬಹುದಾದರೆ ಭೀಮಾ ತೀರದ ಕರಿನೆಲಕ್ಕೆ ಏಕಿರಬಾರದು?

ಆಳಂದ: ಗೋಡೆಯಲ್ಲಿ ಹುಟ್ಟಿದ ಕೂಸು

ಕಲಬುರಗಿಯಿಂದ ವಾಯವ್ಯಕ್ಕೆ 40 ಕಿ.ಮೀ. ಚಿಲ್ಲರೆ ಸಾಗಿದರೆ ಆಳಂದ. ಲಾಡ್ಲೆ ಮಶಾಕ್ ದರ್ಗಾದಿಂದ ಹೆಸರಾದ ಊರು. ಅದರಾಚೆ ಮಹಾರಾಷ್ಟ್ರದ ಗಡಿ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತವೆ. ಈ ತಾಲ್ಲೂಕಿನ ಜೀವನಾಡಿ ಅಮರ್ಜಾ ನದಿ. ಕೋರಳ್ಳಿಯ ಬಳಿ ಅದಕ್ಕೆ ಅಣೆಕಟ್ಟು ಇದೆ. ನೆಲ ಏರಿಳಿತದ್ದು. ತಗ್ಗಿನಲ್ಲಿ ಎರೆಮಣ್ಣು, ದಿಬ್ಬದಲ್ಲಿ ಗರಸು. ಗರಸಿನ ದಿಬ್ಬದ ಮೇಲಿನ ಜಾಲಿಯನ್ನು ಸಂಜೆಯ ಹೊತ್ತು ನೋಡಬೇಕು. ಕೆಳಗಿನದನ್ನೆಲ್ಲ ಆಡುಗಳು ತಿಂದು, ಮೇಲೆ ಚಪ್ಪಟೆಯಾಗಿ ಹರಡಿದ ಅದು ಬಿಚ್ಚಿದ ಕೊಡೆಯ ಹಾಗೆ ನಿಂತಿರುತ್ತದೆ. ತ್ರಿಕೋನವನ್ನು ಅಲ್ಲಿ ಹುಡುಕುವುದು ವ್ಯರ್ಥ.

ಬೋನ್ಸಾಯ್ ಮಾಡಬೇಕೆನ್ನುವ ವಿದ್ಯಾರ್ಥಿಯ ಮೊದಲ ಪ್ರಶ್ನೆ: ಗಿಡ ಎಲ್ಲಿಂದ ತರುವುದು? ಉತ್ತರ ಅವನ ಮನೆಯ ಗೋಡೆಯಲ್ಲೇ ಇದ್ದೀತು. ಈ ಭಾಗದ ಹಳೆಯ ವಾಡೆಗಳ ಬಿರುಕು, ಬಾವಿಯ ಕಟ್ಟೆ, ಮಾಳಿಗೆಯ ನೀರು ಬೀಳುವ ಮೂಲೆ ಇಲ್ಲೆಲ್ಲ ಅರಳಿ, ಆಲ, ಬಸರಿ, ಅತ್ತಿಯ ಸಸಿಗಳು ಹುಟ್ಟಿಕೊಂಡಿರುತ್ತವೆ. ಹಣ್ಣು ತಿಂದ ಹಕ್ಕಿಗಳು ಹಿಕ್ಕೆಯೊಂದಿಗೆ ಬೀಜವನ್ನು ಬೀಳಿಸಿ ಹೋಗುತ್ತವೆ. ಚಿಟಿಕೆ ಮಣ್ಣೂ ಇಲ್ಲದ ಜಾಗದಲ್ಲಿ ಆ ಸಸಿ ಐದಾರು ವರ್ಷ ಗೇಣುದ್ದವೇ ಇದ್ದು, ಬುಡ ಮಾತ್ರ ಗಂಟುಗಂಟಾಗಿ ದಪ್ಪವಾಗಿರುತ್ತದೆ. ಅದನ್ನು ಬೋನ್ಸಾಯ್ ಮಾಡಬೇಕಾದ್ದೇ ಇಲ್ಲ, ಗೋಡೆಯೇ ಅರ್ಧ ಕೆಲಸ ಮುಗಿಸಿರುತ್ತದೆ.

ಇಂಥ ಸಸಿಯನ್ನು ತೆಗೆದರೆ ಎರಡೂ ಕಡೆಗೆ ಲಾಭ. ಬಿಟ್ಟರೆ ಬೇರು ದಪ್ಪವಾಗಿ ಗೋಡೆ ಸೀಳುತ್ತದೆ. ಆದರೆ ಮನೆಯವರ ಒಪ್ಪಿಗೆ ಬೇಕು. ಕೋಟೆ, ಗುಮ್ಮಟ, ಗುಡಿಯಂಥ ಸಂರಕ್ಷಿತ ಕಟ್ಟಡಗಳ ಗಿಡಕ್ಕೆ ಕೈ ಹಚ್ಚಲೇಬಾರದು. ಎಳೆದರೆ ಕಲ್ಲೇ ಸಡಿಲವಾದೀತು. ಅಡವಿಯಲ್ಲಿ, ಬದುವಿನಲ್ಲಿ ನೂರು ವರ್ಷದಿಂದ ನಿಂತ ಕುಳ್ಳ ಮರವನ್ನು ಅಗೆದು ತರುವ ಆಸೆಯೂ ಬೇಡ. ಅಂಥ ಮುದಿಮರ ಕಿತ್ತರೆ ಉಳಿಯುವುದು ಅಪರೂಪ. ಒಂದು ಕುಂಡದ ಅಂದಕ್ಕೆ ಒಂದು ಹೊಲದ ನೆರಳನ್ನು ಕೊಲ್ಲುವುದು ಯಾವ ಕಲೆ?

ಗೋಡೆಯ ಸಸಿ ಸಿಗದವರಿಗೆ ಹುಣಸೆ ಬೀಜವಿದೆ. ರಾತ್ರಿ ನೆನೆಹಾಕಿ ಬಿತ್ತಿದರೆ ಒಂದೆರಡು ವಾರದಲ್ಲಿ ಮೊಳಕೆ. ಅದರ ಎಲೆ ಹುಟ್ಟಾ ಸಣ್ಣದು. ತೊಗಟೆ ಬೇಗ ಒರಟಾಗುವುದರಿಂದ ಎಳೆಯ ಗಿಡವೂ ಮುದುಕನಂತೆ ಕಾಣುತ್ತದೆ. ರಾತ್ರಿ ಎಲೆ ಮಡಚಿ 'ಮಲಗುವ' ಅದರ ಆಟ ಮಕ್ಕಳಿಗೆ ಖುಷಿ. ಅತ್ತಿ, ಅರಳಿಯ ಎಲೆ ದೊಡ್ಡದು. ಕುಂಡದಲ್ಲಿ ವರ್ಷ ಕಳೆದಂತೆ ಎಲೆಯ ಗಾತ್ರ ಕುಗ್ಗುತ್ತದೆ. ಹೂವು, ಹಣ್ಣಿನದು ಕುಗ್ಗುವುದಿಲ್ಲ. ಗೇಣುದ್ದದ ಅತ್ತಿಗೆ ಪೂರ್ತಿ ಗಾತ್ರದ ಹಣ್ಣು ಬಂದರೆ ಅದಕ್ಕಾಗಿ ಯಾರೂ ಆಶ್ಚರ್ಯಪಡಬೇಕಿಲ್ಲ.

ಅಫಜಲಪುರ: ಒಣಕೋಲಿಗೆ ನೀರೆರೆದವನು

ಅಮರ್ಜಾ ಆಳಂದ ತಾಲ್ಲೂಕಿನಿಂದ ಇಳಿದು ಅಫಜಲಪುರ ತಾಲ್ಲೂಕಿಗೆ ಬಂದು ಭೀಮೆಯನ್ನು ಕೂಡುವ ಜಾಗ ದೇವಲ ಗಾಣಗಾಪುರ. ಮುಂಬೈ ರೈಲುಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಿಂದ ಸುಮಾರು 20 ಕಿ.ಮೀ. ಊರೊಳಗೆ ನರಸಿಂಹ ಸರಸ್ವತಿಯವರ ನಿರ್ಗುಣ ಪಾದುಕೆಗಳ ಮಠ, ಊರಾಚೆ ಸಂಗಮ. ಅಲ್ಲಿ ಸ್ನಾನ ಮಾಡಿದ ಭಕ್ತರು ಔದುಂಬರ ವೃಕ್ಷದ ಸುತ್ತ ಕುಳಿತು ಗುರುಚರಿತ್ರೆಯ ಪಾರಾಯಣ ಮಾಡುತ್ತಾರೆ. ಔದುಂಬರವೆಂದರೆ ಬೇರೇನಲ್ಲ, ನಮ್ಮ ಅತ್ತಿಯ ಗಿಡವೇ.

ಆ ಗುರುಚರಿತ್ರೆಯಲ್ಲೇ ಗಿಡದ ಕಥೆಯೊಂದಿದೆ. ಕುಷ್ಠದಿಂದ ನರಳುತ್ತಿದ್ದ ನರಹರಿ ಎಂಬವನು ಗುರುವಿನ ಬಳಿ ಬಂದ. ಅತ್ತಿಯ ಒಂದು ಒಣಕೋಲನ್ನು ಸಂಗಮದಲ್ಲಿ ನೆಟ್ಟು ನೀರೆರೆಯಲು ಗುರು ಹೇಳಿದರು. ನೋಡಿದವರು ನಕ್ಕರು, ಒಣಗಿದ ಕಟ್ಟಿಗೆ ಎಲ್ಲಾದರೂ ಚಿಗುರೀತೇ ಎಂದರು. ಅವನು ಮಾತ್ರ ದಿನವೂ ನೀರು ಹಾಕುತ್ತಲೇ ಹೋದ. ಕೊನೆಗೆ ಗುರು ಬಂದು ಕಮಂಡಲದ ನೀರು ಚಿಮುಕಿಸಿದಾಗ ಕೋಲು ಚಿಗುರಿತು, ಅವನ ರೋಗವೂ ಹೋಯಿತು.

ಭಕ್ತರಿಗೆ ಇದು ಶ್ರದ್ಧೆಯ ಕಥೆ. ಗಿಡ ಬೆಳೆಸುವವರಿಗೂ ಇದರಲ್ಲಿ ಒಂದು ಕಿವಿಮಾತಿದೆ. ಎಲೆ ಉದುರಿದ ಮಾತ್ರಕ್ಕೆ ಗಿಡ ಸತ್ತಿತೆಂದು ಎಸೆಯಬಾರದು. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ, ನೀರು ನಿಲ್ಲಿಸಬಾರದು. ಆಲ, ಬಸರಿಯ ಹೆಬ್ಬೆರಳು ದಪ್ಪದ ಟೊಂಗೆಯನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಬೇರು ಬಿಡುವುದು ಸುಲಭ. ವರ್ಷಗಟ್ಟಲೆ ದಪ್ಪವಾಗಲು ಕಾಯುವ ಕೆಲಸವೂ ಉಳಿಯುತ್ತದೆ. ಆದರೆ ಕ್ಷೇತ್ರದ ಗಿಡದಿಂದ ಟೊಂಗೆ ಮುರಿಯುವುದು ಸಲ್ಲದು. ದಾರಿಯ ಆಲ ಬೇಕಾದಷ್ಟಿವೆ.

ದತ್ತ ಪರಂಪರೆಗೂ ಬೋನ್ಸಾಯ್‌ಗೂ ಇನ್ನೊಂದು ನಂಟಿದೆ. ಮೈಸೂರಿನ ಅವಧೂತ ದತ್ತಪೀಠದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ದಸರೆಗೆ ಮೈಸೂರಿಗೆ ಹೋಗುವ ಕಲಬುರಗಿಯ ಕುಟುಂಬಗಳು ಮಕ್ಕಳೊಂದಿಗೆ ಅಲ್ಲಿ ಒಂದು ಗಂಟೆ ಕಳೆದರೆ ಕಣ್ಣು ಪಳಗುತ್ತದೆ. ನೋಡಿ ಬಂದ ಮೇಲೆ ಮಾಡುವ ಕೆಲಸ ಮಾತ್ರ ಮನೆಯಲ್ಲೇ.

ಕತ್ತರಿ, ತಂತಿ, ತಾಳ್ಮೆ

ಆಕಾರ ಕೊಡುವುದಕ್ಕೆ ಎರಡು ದಾರಿ. ಒಂದು ತಂತಿಯದು. ಟೊಂಗೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ ಅಲ್ಯುಮಿನಿಯಂ ತಂತಿಯನ್ನು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಸುತ್ತಿ, ಟೊಂಗೆಯನ್ನು ಮೆಲ್ಲಗೆ ಬಗ್ಗಿಸುವುದು. ಅತ್ತಿ, ಆಲದಂಥ ಗಿಡಗಳು ಮಳೆಗಾಲದಲ್ಲಿ ಎಷ್ಟು ಬೇಗ ಉಬ್ಬುತ್ತವೆಂದರೆ ಕೆಲವೇ ವಾರಗಳಲ್ಲಿ ತಂತಿ ತೊಗಟೆಯನ್ನು ಕಚ್ಚುತ್ತದೆ. ಆ ಬರೆ ಹಲವು ವರ್ಷ ಹೋಗುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ನೋಡಲೇಬೇಕು. ತೆಗೆಯುವಾಗ ಬಿಚ್ಚಲು ಹೋಗದೆ ತುಂಡುತುಂಡಾಗಿ ಕತ್ತರಿಸಬೇಕು.

ಇನ್ನೊಂದು ದಾರಿ ಕತ್ತರಿಯದು. ದಕ್ಷಿಣ ಚೀನಾದ ಲಿಂಗ್ನಾನ್ ಪ್ರದೇಶದವರು ಬೆಳೆಸಿದ ಪದ್ಧತಿಯಿದು. ಗಿಡವನ್ನು ಮನಸಾರೆ ಬೆಳೆಯಲು ಬಿಡುವುದು, ಬೇಕಾದ ದಪ್ಪ ಬಂದ ಮೇಲೆ ಮೋಟಾಗಿ ಕತ್ತರಿಸುವುದು. ಅಲ್ಲಿಂದ ಹೊಸ ದಿಕ್ಕಿಗೆ ಚಿಗುರು ಹೊರಡುತ್ತದೆ. ಅದೂ ದಪ್ಪವಾದ ಮೇಲೆ ಮತ್ತೆ ಕತ್ತರಿ. ಹೀಗೆ ನಾಲ್ಕಾರು ವರ್ಷ ಮಾಡಿದರೆ ಕಾಂಡಕ್ಕೆ ತಂತಿಯಿಂದ ಬರದ ಸಹಜವಾದ ತಿರುವು ಬರುತ್ತದೆ. ಬದುವಿನ ಮೇಲೆ ಆಡು ಮತ್ತು ಕೊಡಲಿ ಮಾಡುವುದೂ ಇದನ್ನೇ ಅಲ್ಲವೇ! ಖರ್ಚಿಲ್ಲದ ಈ ದಾರಿ ವಿದ್ಯಾರ್ಥಿಗಳಿಗೆ ಹೇಳಿಸಿದಂತಿದೆ.

ಕತ್ತರಿ ಹಿಡಿಯುವ ಮೊದಲು ಒಂದು ಕೆಲಸವಿದೆ. ಮುಂದೆ ಒಂದು ಹಾಳೆ ಇಟ್ಟುಕೊಂಡು ಊರ ಹೊರಗಿನ ಅದೇ ಜಾತಿಯ ದೊಡ್ಡ ಗಿಡವನ್ನು ಬಿಡಿಸಬೇಕು. ಚಿತ್ರ ಚೆಂದವಾಗಬೇಕಿಲ್ಲ. ಬೇವಿನ ತಲೆ ದುಂಡಗಿದೆಯೋ, ಹುಣಸೆಯ ಕೆಳಗಿನ ಕೊಂಬೆಗಳು ಬಾಗಿವೆಯೋ, ಆಲದ ಬಿಳಲು ಎಲ್ಲಿಂದ ಇಳಿದಿದೆಯೋ ಎಂಬುದು ಕೈಗೆ ಗೊತ್ತಾದರೆ ಸಾಕು. ಯಾವ ಟೊಂಗೆ ಏಕೆ ಒಣಗಿತು, ಯಾವುದು ಏಕೆ ಆಚೆ ತಿರುಗಿತು ಎಂದು ಮನೆಯ ಹಿರಿಯರನ್ನು ಕೇಳಿದರೆ ಆ ಗಿಡದ ಚರಿತ್ರೆಯೊಡನೆ ಹೊಲದ ಚರಿತ್ರೆಯೂ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಕುಂಡದ ಗಿಡದ ಮುಂದೆ ಕೂರಬೇಕು. ಎದುರುಬದುರು ಟೊಂಗೆ ಇದೆಯೆಂದ ಮಾತ್ರಕ್ಕೆ ಒಂದನ್ನು ಕಡಿಯಬೇಕೆಂದಿಲ್ಲ. ದೊಡ್ಡ ಬೇವಿನಲ್ಲೂ ಅದು ಇದ್ದೇ ಇದೆ. ಒಂದು ಮಗ್ಗುಲು ಬೋಳಾಗಿದ್ದರೆ ಗಾಳಿಗೆ ಬೆನ್ನು ಕೊಟ್ಟ ಮರವೆಂದು ಒಪ್ಪಿಕೊಳ್ಳಬಹುದು. ಒಣಗಿದ ತುದಿಯನ್ನು ಕಿತ್ತೆಸೆಯದೆ ತೊಗಟೆ ಸುಲಿದು ಹಾಗೇ ಬಿಟ್ಟರೆ ಬರಗಾಲದ ಗುರುತಾಗಿ ಉಳಿಯುತ್ತದೆ. ತೆಗೆಯಬೇಕಾದ್ದು ಮೂರೇ: ರೋಗ ತಗುಲಿದ್ದು, ಒಂದಕ್ಕೊಂದು ತಿಕ್ಕುವುದು, ಒಳಗಿನ ಚಿಗುರಿಗೆ ಬೆಳಕು ಬಿಡದ್ದು. ಒಂದೇ ಸಲಕ್ಕೆ ಎಲ್ಲವನ್ನೂ ಕತ್ತರಿಸದೆ ಒಂದು ಟೊಂಗೆ ತೆಗೆದು ವಾರ ಬಿಟ್ಟು ನೋಡುವುದು ಲೇಸು. ಕಡಿದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅತ್ತಿ, ಆಲದ ಗಾಯದಿಂದ ಹಾಲು ಸುರಿದರೆ ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿದರಾಯಿತು. ಕಣ್ಣಿಗೆ ತಾಗದಂತೆ ಮಾತ್ರ ಎಚ್ಚರ.

ಜೇವರ್ಗಿ: ಮಣ್ಣು ಮತ್ತು ಬೋಗುಣಿ

ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಹೋದರೆ ಜೇವರ್ಗಿ. ಊರು ಸೇರುವ ಮೊದಲು ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಬೇಕು. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಬಂಡೆ, ಮರಳು, ಅಲ್ಲಲ್ಲಿ ನೀರಿನ ಮಡು. ಇದೇ ನದಿ 2020ರ ಅಕ್ಟೋಬರಿನಲ್ಲಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಹಳ್ಳಿಗಳನ್ನು ಮುಳುಗಿಸಿತ್ತು. ದಂಡೆಯ ಗಿಡಗಳನ್ನು ನೋಡಿದರೆ ನೆರೆ ಎತ್ತ ಹರಿಯಿತೆಂದು ಹೇಳಬಹುದು. ಕಾಂಡ ಹೊಳೆ ಹರಿಯುವತ್ತ ವಾಲಿರುತ್ತದೆ, ಅದರ ಮೇಲಿಂದ ಹೊಸ ಕೊಂಬೆಗಳು ನೆಟ್ಟಗೆ ಆಕಾಶಕ್ಕೆ ಎದ್ದಿರುತ್ತವೆ. ಬಿದ್ದ ಮರವೇ ಸಾಲುಮರವಾಗುವ ಈ ಆಕಾರಕ್ಕೆ ಜಪಾನಿನ ಶಾಸ್ತ್ರದಲ್ಲೂ ಹೆಸರಿದೆ, ತೆಪ್ಪದ ಶೈಲಿ ಎಂದು. ಗೋಡೆಯಿಂದ ತೆಗೆದ ಸಸಿಗೆ ಒಂದೇ ಮಗ್ಗುಲಲ್ಲಿ ಟೊಂಗೆಗಳಿದ್ದರೆ ಅದನ್ನು ಅಡ್ಡ ಮಲಗಿಸಿ ನೆಟ್ಟು ಹೀಗೆ ಬೆಳೆಸಬಹುದು.

ಜೇವರ್ಗಿಯ ಎರೆಮಣ್ಣು ಹೊಲಕ್ಕೆ ಬಂಗಾರ. ತೊಗರಿ, ಜೋಳ, ಹತ್ತಿ ಎಲ್ಲಕ್ಕೂ ಅದೇ ಆಧಾರ. 'ಗುಲ್ಬರ್ಗ ತೊಗರಿ ಬೇಳೆ'ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದರ ಹಿಂದೆ ಈ ಮಣ್ಣಿನ ಗುಣವೂ ಇದೆ. ಆದರೆ ಕುಂಡಕ್ಕೆ ಅದೇ ಮಣ್ಣು ಶತ್ರು. ಮಳೆಯಲ್ಲಿ ಉಬ್ಬಿ ಅಂಟಾಗುತ್ತದೆ, ಬೇರಿಗೆ ಗಾಳಿಯಾಡುವುದಿಲ್ಲ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಹೊಲದಲ್ಲಿ ಬೇರು ಆಳಕ್ಕೆ ಇಳಿದು ಪಾರಾಗುತ್ತದೆ, ನಾಲ್ಕು ಬೆರಳಿನ ತಟ್ಟೆಯಲ್ಲಿ ಎಲ್ಲಿಗೆ ಇಳಿದೀತು?

ಕುಂಡಕ್ಕೆ ಬೇಕಾದ್ದು ಆಳಂದದ ದಿಬ್ಬದ ಗರಸಿನಂಥದ್ದು. ಜರಡಿ ಹಿಡಿದು ಪುಡಿಯನ್ನು ಚೆಲ್ಲಿ, ಜೋಳದಿಂದ ಕಡಲೆ ಗಾತ್ರದವರೆಗಿನ ಹರಳುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಕುಟ್ಟಿದ ಇಟ್ಟಿಗೆಯೂ ಆದೀತು. ಇಂಥ ಹರಳು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ನೀರು ಹಾಕಿದರೆ ನಿಲ್ಲದೆ ಇಳಿಯಬೇಕು, ಇಳಿದ ಮೇಲೂ ತೇವ ಉಳಿಯಬೇಕು. ಪರೀಕ್ಷೆ ಅಷ್ಟೇ.

ಇನ್ನು ಪಾತ್ರೆ. ಪೇಟೆಯ ಹೊಳಪಿನ ಕುಂಡಕ್ಕೆ ಹಣ ಹಾಕುವ ಮೊದಲು ಊರಿನ ಕುಂಬಾರರ ಮನೆಗೆ ಹೋಗಬೇಕು. ಅಗಲ ಬಾಯಿಯ, ನಾಲ್ಕು ಬೆರಳು ಎತ್ತರದ ಬೋಗುಣಿಗೆ ಹಸಿ ಇದ್ದಾಗಲೇ ತಳದಲ್ಲಿ ಮೂರು ತೂತು ಹಾಕಿ ಸುಟ್ಟುಕೊಡಿ ಎಂದರೆ ಕೊಡುತ್ತಾರೆ. ಮೈಗೆ ಬಣ್ಣ, ಹೊಳಪು ಯಾವುದೂ ಬೇಡ. ಒರಟು ಗಿಡಕ್ಕೆ ಒರಟು ಮಣ್ಣಿನ ಬಣ್ಣವೇ ಒಪ್ಪುತ್ತದೆ. ಅಂಚು ಮುರಿದ ಗಡಿಗೆಯ ಬುಡ, ಹಿತ್ತಲಿನಲ್ಲಿ ಬಿದ್ದ ತೂತು ಒರಳು ಇವೂ ಆಗುತ್ತವೆ. ಈ ಭಾಗದ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಒಡೆದ ತುಂಡಿನ ಮೇಲೆ ಮಣ್ಣು ದಿಬ್ಬ ಮಾಡಿ ನೆಟ್ಟರೆ ಗಿಡ ನೇರ ಬಂಡೆಯ ಮೇಲೆ ಹುಟ್ಟಿದಂತೆ ಕಾಣುತ್ತದೆ. ಆದರೆ ಕಲ್ಲು ಬಿಸಿಲಿಗೆ ಕಾದು ಹಂಚಾಗುತ್ತದೆ, ನೆರಳಿನ ಜಾಗವಿದ್ದವರು ಮಾತ್ರ ಇದಕ್ಕೆ ಕೈ ಹಾಕಬೇಕು.

ನೆಡುವ ಕಾಲ ಜೂನ್, ಎರಡು ಒಳ್ಳೆಯ ಮಳೆ ಬಿದ್ದ ಮೇಲೆ. ತೂತಿನ ಮೇಲೆ ಜಾಳಿಗೆ ಇಟ್ಟು, ತೂತಿನ ಮೂಲಕ ಒಂದು ತಂತಿಯನ್ನು ಮೇಲಕ್ಕೆ ತೆಗೆದಿರಬೇಕು. ಗಿಡದ ಬೇರನ್ನು ಕಡ್ಡಿಯಿಂದ ಬಿಡಿಸಿ, ಕೆಳಕ್ಕೆ ಇಳಿದ ತಾಯಿಬೇರನ್ನು ಮೋಟು ಮಾಡಿ, ಸುತ್ತ ಹರಡಿದ ಸಣ್ಣ ಬೇರುಗಳನ್ನು ಉಳಿಸಿಕೊಳ್ಳಬೇಕು. ಒಟ್ಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇರು ತೆಗೆಯದಿರುವುದು ಕ್ಷೇಮ. ನಟ್ಟನಡುವೆ ಕೂರಿಸದೆ ಸ್ವಲ್ಪ ಪಕ್ಕಕ್ಕೆ, ಟೊಂಗೆ ಚಾಚಿದ ಕಡೆ ಹೆಚ್ಚು ಜಾಗ ಬಿಟ್ಟು ಕೂರಿಸಿ ತಂತಿಯಿಂದ ಬಿಗಿಯಬೇಕು. ಗಿಡ ಅಲುಗಾಡಿದರೆ ಹೊಸ ಬೇರು ಹರಿಯುತ್ತದೆ. ಮಣ್ಣು ತುಂಬಿ, ಕಡ್ಡಿಯಿಂದ ತಿವಿದು ಪೊಳ್ಳು ಮುಚ್ಚಿ, ನೀರು ತುಂಬಿದ ಪರಾತದಲ್ಲಿ ಕುಂಡವನ್ನು ಗುಳ್ಳೆ ನಿಲ್ಲುವವರೆಗೆ ಇಡಬೇಕು. ಮೂರು ವಾರ ನೆರಳು, ಒಂದು ತಿಂಗಳು ಗೊಬ್ಬರವಿಲ್ಲ. ಮುಂದಿನ ಬೇರು ಕತ್ತರಿಸುವ ಕೆಲಸ ಎರಡು ವರ್ಷದ ನಂತರ.

ಒಂದು ಮಾತು ನೆನಪಿರಲಿ. ಕುಂಡಕ್ಕೆ ಬಂದ ಮೇಲೆ ಕಾಂಡ ದಪ್ಪವಾಗುವುದು ಬಲು ನಿಧಾನ. ಬೀಜದಿಂದ ಬೆಳೆಸಿದ ಸಣಕಲು ಸಸಿಯನ್ನು ಅವಸರದಿಂದ ತಟ್ಟೆಗೆ ಹಾಕಬಾರದು. ಮೂರು ನಾಲ್ಕು ವರ್ಷ ನೆಲದಲ್ಲೋ ದೊಡ್ಡ ಡಬ್ಬದಲ್ಲೋ ಬೆಳೆದು ಬುಡ ಕಟ್ಟಿಕೊಳ್ಳಲಿ.

ನೀರು ಹಾಕುವವರು ಯಾರು?

ಇಷ್ಟೆಲ್ಲ ಕೇಳಿದ ಅಜ್ಜಿಯೊಬ್ಬರು ಖಂಡಿತ ಕೇಳುವ ಪ್ರಶ್ನೆಯೊಂದಿದೆ: "ದೊಡ್ಡದಾಗೋ ಗಿಡಾನ ಹಿಂಗ ಕಟ್ಟಿ ಇಡೋದು ಪಾಪ ಅಲ್ಲೇನ್ ತಮ್ಮಾ?" ಪ್ರಶ್ನೆ ಸಣ್ಣದಲ್ಲ. ಬೋನ್ಸಾಯ್‌ಗೆ ಅನ್ನ ನೀರು ಕೊಡದೆ ಕುಳ್ಳಾಗಿಸುತ್ತಾರೆಂಬುದು ತಪ್ಪು ತಿಳಿವಳಿಕೆ. ಹಸಿದ ಗಿಡ ಚೆಂದ ಕಾಣುವುದಿಲ್ಲ, ಸಾಯುತ್ತದೆ. ಕಾಲಕಾಲಕ್ಕೆ ಟೊಂಗೆ ಮತ್ತು ಬೇರು ಕತ್ತರಿಸುವುದರಿಂದ ಅದು ಸಣ್ಣದಿರುತ್ತದೆ, ಹೊಸ ಬೇರು ಬರುವುದರಿಂದ ಎಳೆಯದಾಗಿಯೂ ಇರುತ್ತದೆ. ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಯಮಾಕಿ ಪೈನ್ ಎಂಬ ಬೋನ್ಸಾಯ್ 1625ರಿಂದ ಮನುಷ್ಯರ ಆರೈಕೆಯಲ್ಲಿದೆ. 1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅದು ಅಲ್ಲಿನ ಯಮಾಕಿ ಮನೆತನದ ಅಂಗಳದಲ್ಲಿತ್ತು, ಬದುಕಿ ಉಳಿಯಿತು. ಬಾಂಬ್ ಹಾಕಿದ ದೇಶಕ್ಕೇ 1976ರಲ್ಲಿ ಆ ಮನೆತನ ಅದನ್ನು ಕಾಣಿಕೆಯಾಗಿ ಕೊಟ್ಟಿತು.

ಆದರೂ ಅಜ್ಜಿಯ ಮಾತಿನಲ್ಲಿ ಸತ್ಯವೊಂದಿದೆ. ಹೊಲದ ಗಿಡ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಕುಂಡದ ಗಿಡ ಪೂರ್ತಿ ಮನುಷ್ಯನ ಕೈ ಕಾಯುತ್ತದೆ. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆಳಗ್ಗೆ ಸಂಜೆ ಎರಡು ಹೊತ್ತು ನೀರು ಬೇಕು. ಒಂದು ದಿನ ಮರೆತರೆ ಐದು ವರ್ಷದ ಶ್ರಮ ಹೋಗುತ್ತದೆ. ಆ ದಿನಗಳಲ್ಲೇ ಪರೀಕ್ಷೆ ಮುಗಿಸಿದ ಮಕ್ಕಳು ಊರಿಗೆ ಹೊರಡುತ್ತಾರೆ, ಮದುವೆಗಳು ಬರುತ್ತವೆ. ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳೂ ಈ ತಾಲ್ಲೂಕುಗಳಲ್ಲಿವೆ. ಬೀಗ ಹಾಕಿದ ಮನೆಯಲ್ಲಿ ಬೋನ್ಸಾಯ್ ಉಳಿಯುವುದಿಲ್ಲ. ಗಿಡವನ್ನು ಕುಂಡಕ್ಕೆ ಹಾಕುವ ಮೊದಲು ಮನೆಯವರೆಲ್ಲ ಕುಳಿತು ಈ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು: ನಾವಿಲ್ಲದಾಗ ನೀರು ಹಾಕುವವರು ಯಾರು? ನೆರೆಮನೆಯವರೋ, ಶಾಲೆಯ ಗೆಳೆಯನೋ, ಯಾರಾದರೂ ಇರಲೇಬೇಕು. ಉತ್ತರ ಇಲ್ಲದಿದ್ದರೆ ಸಸಿಯನ್ನು ನೆಲಕ್ಕೇ ನೆಡುವುದು ಧರ್ಮ.

ಮಕ್ಕಳನ್ನೂ ತಂತಿ ಸುತ್ತಿ ಒಂದೇ ಆಕಾರಕ್ಕೆ ಬಗ್ಗಿಸುವ ಅವಸರ ಈಗ ಎಲ್ಲ ಊರುಗಳಲ್ಲಿದೆ. ಪಕ್ಕದ ಮನೆಯ ಹುಡುಗನ ಅಂಕಪಟ್ಟಿ ತೋರಿಸಿ ಹೀಗಿರಬೇಕು ಎನ್ನುವ ತಂದೆತಾಯಂದಿರು, ಮಗನೋ ಮಗಳೋ ಒಂದು ಟೊಂಗೆಯನ್ನು ಕಡಿಯಲೋ ಬಿಡಲೋ ಎಂದು ವಾರವಿಡೀ ಯೋಚಿಸುವುದನ್ನು ಒಮ್ಮೆ ನೋಡಲಿ. ಗಿಡಕ್ಕೆ ಕತ್ತರಿ ಬೇಡವೆಂದಲ್ಲ. ಅದು ಯಾವ ಗಿಡ, ಯಾವ ಕಡೆ ಬೆಳಕು ಹುಡುಕುತ್ತಿದೆ ಎಂದು ತಿಳಿದ ಮೇಲೆ ಕತ್ತರಿ.

ಕೊನೆಯದಾಗಿ, ಮಳೆಗಾಲಕ್ಕೆ ಒಂದು ಕೆಲಸ. ಬಸರಿಯ ಒಂದೇ ಗಿಡದಿಂದ ಎರಡು ಟೊಂಗೆ ತರಬೇಕು. ಒಂದು ಬೋಗುಣಿಗೆ, ಇನ್ನೊಂದು ಹೊಲದ ಬದುವಿಗೆ. ಹೊಲ ಇಲ್ಲದವರಿಗೆ ಶಾಲೆಯ ಅಂಗಳವಿದೆ. ಹೊಲ ಪಾಲಾಗುತ್ತ, ಟ್ರ್ಯಾಕ್ಟರು ತಿರುಗಲು ಅಡ್ಡವೆಂದು ಬದುವಿನ ಗಿಡಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಕುಂಡದ ಗಿಡ ಅದಕ್ಕೆ ಬದಲಿ ಆಗಲಾರದು. ಬದುವಿನ ಗಿಡವೇ ಇಲ್ಲದಿದ್ದರೆ ಬೋಗುಣಿಯ ಗಿಡಕ್ಕೆ ಆಕಾರ ಹೇಳಿಕೊಡುವ ಗುರು ಎಲ್ಲಿ?

ಎರಡಕ್ಕೂ ನೀರು ಹಾಕುತ್ತ ಹೋದರೆ, ಹತ್ತು ವರ್ಷದ ನಂತರದ ಎಳ್ಳ ಅಮಾವಾಸ್ಯೆಗೆ ಒಂದರ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ಇನ್ನೊಂದನ್ನು ಬುತ್ತಿಯ ಪಕ್ಕದಲ್ಲೇ ಇಟ್ಟು ನೋಡಬಹುದು. ಒಂದೇ ತಾಯಿಯ ಮಕ್ಕಳು, ಒಂದು ಆಳೆತ್ತರ ಮೀರಿದ್ದು, ಒಂದು ಗೇಣುದ್ದದ್ದು. ಆಳಂದ, ಅಫಜಲಪುರ, ಜೇವರ್ಗಿಯ ಮಾತಿನಲ್ಲಿ ಎರಡೂ ಗಿಡವೇ.